ಬರ್ಫವೂ ಕರೆಂಟೂ: ಒಂದೇ ಗಡ್ಡೆಗೆ ಎರಡು ಚಿಕಿತ್ಸೆ ಏಕೆ?

ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಪ್ಪನಿಗೆ ಕಿಡ್ನಿ ಕ್ಯಾನ್ಸರಿನ ಆಪರೇಶನ್ ಆಗಿ ಎರಡು ವರ್ಷ ಕಳೆದಿತ್ತು. ಈ ಸಲ ಮಳೆ ಹಿಡಿಯುವ ಹೊತ್ತಿಗೆ ಸೊಂಟದ ಬಲಬದಿ ನೋಯತೊಡಗಿತು. ಲೋಕಲ್ ರೈಲು ಹತ್ತಲು ಕಾಲೆತ್ತಿದರೆ ಜೀವ ಹೋದಂತಾಗುತ್ತದೆ ಎನ್ನುತ್ತಿದ್ದರು. ಸ್ಕ್ಯಾನ್ ಮಾಡಿದಾಗ ಸೊಂಟದ ಮೂಳೆಯಲ್ಲಿ, ಕಿಡ್ನಿಯ ಕ್ಯಾನ್ಸರಿನಿಂದಲೇ ಹಬ್ಬಿದ ಒಂದು ಗಡ್ಡೆ ಕಂಡಿತು. ಡಾಕ್ಟರು ಹೇಳಿದ್ದಿಷ್ಟು: ಮೊದಲು ಸೂಜಿ ಹಾಕಿ ಗಡ್ಡೆಯನ್ನು ಹೆಪ್ಪುಗಟ್ಟಿಸೋಣ, ಎರಡು ವಾರ ಬಿಟ್ಟು ಐದು ದಿನ ರೇಡಿಯೇಶನ್ ಕೊಡೋಣ.

ಆ ರಾತ್ರಿ ಚಿಕ್ಕಮ್ಮ ಫೋನ್ ಮಾಡಿದರು. “ಅಲ್ಲ ಮಗಾ, ಒಮ್ಮೆ ಬರ್ಫ ಇಡುವುದಂತೆ, ಮತ್ತೆ ಕರೆಂಟಿನ ಶಾಖ ಕೊಡುವುದಂತೆ. ಉಷ್ಣ, ಶೀತ ಎರಡೂ ಒಟ್ಟಿಗೆ ಕೊಟ್ಟರೆ ಒಂದನ್ನೊಂದು ಕೆಡಿಸುವುದಿಲ್ಲವಾ? ಇದೆಂತ ಮದ್ದು?”

ಹಾಲು ಕುಡಿದ ಮೇಲೆ ಮೀನು ತಿನ್ನಬಾರದು, ಬಿಸಿಲಲ್ಲಿ ಬಂದ ಕೂಡಲೇ ತಣ್ಣೀರು ಕುಡಿಯಬಾರದು ಎಂದು ಕೇಳುತ್ತ ಬೆಳೆದವರಿಗೆ ಈ ಪ್ರಶ್ನೆ ಬರುವುದು ಸಹಜ. ನನಗೂ ಅಂದು ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ, ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಪರೇಲಿನ ಆಸ್ಪತ್ರೆಗಳ ಹೊರಗಿನ ಫುಟ್‌ಪಾತಿನಲ್ಲಿ ಕಾರವಾರ, ಬೆಳಗಾವಿ, ವಿಜಯಪುರದ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ಫೈಲು ಹಿಡಿದು ಅಲ್ಲಿ ಕೂತವರಲ್ಲಿ ಒಬ್ಬಿಬ್ಬರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಕರೆಂಟ್ ಅನ್ನುತ್ತೇವೆ, ಅದು ಕರೆಂಟಲ್ಲ

ರೇಡಿಯೇಶನ್‌ಗೆ ನಮ್ಮವರು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಮರಾಠಿಯವರಿಗೆ ಅದು ಶೇಕ್, ಹಿಂದಿಯವರಿಗೆ ಸಿಕಾಯಿ. ಈ ಹೆಸರುಗಳನ್ನು ಕೇಳಿದರೆ ಗಡ್ಡೆಯನ್ನು ಬಿಸಿ ಮಾಡಿ ಸುಡುತ್ತಾರೇನೋ ಅನಿಸುತ್ತದೆ. ನಿಜವಾಗಿ ಅಲ್ಲಿ ಬಿಸಿ ಎಂಬುದೇ ಇಲ್ಲ.

ರೇಡಿಯೇಶನ್ನಿನ ಅಳತೆಗೆ ಗ್ರೇ ಎಂದು ಹೆಸರು. ಒಂದು ಕಿಲೋ ಮಾಂಸಖಂಡ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಅನೇಕ ಚಿಕಿತ್ಸೆಗಳಲ್ಲಿ ದಿನಕ್ಕೆ ಸುಮಾರು 2 ಗ್ರೇ ಕೊಡುತ್ತಾರೆ. ಇಷ್ಟು ಶಕ್ತಿಯಿಂದ ಮೈಯ ಆ ಭಾಗ ಬಿಸಿಯಾಗುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದು ಗುಟುಕು ಚಹಾ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಿಸಿ ಒಳಗೆ ಇಳಿಸುತ್ತದೆ. ಹಾಗಾಗಿ ಚಿಕ್ಕಮ್ಮನ ಪ್ರಶ್ನೆಯ ಅರ್ಧ ಭಾಗಕ್ಕೆ ಇಲ್ಲೇ ಉತ್ತರ ಸಿಕ್ಕಿತು: ಶಾಖವೇ ಇಲ್ಲದ ಮೇಲೆ ಬರ್ಫಕ್ಕೂ ಅದಕ್ಕೂ ಜಗಳವೂ ಇಲ್ಲ.

ಹಾಗಾದರೆ ಅದು ಗಡ್ಡೆಯನ್ನು ಕೊಲ್ಲುವುದು ಹೇಗೆ? ನಮ್ಮ ಮೈಯ ಪ್ರತಿ ಜೀವಕೋಶದೊಳಗೂ ಡಿಎನ್‌ಎ ಎಂಬ ಎರಡೆಳೆಯ ದಾರವಿದೆ. ಕೋಶ ಏನು ಮಾಡಬೇಕು, ಯಾವಾಗ ಎರಡಾಗಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ರೇಡಿಯೇಶನ್ನಿನಲ್ಲಿ ಬಿಡುವ ಹೆಚ್ಚು ಶಕ್ತಿಯ ಎಕ್ಸ್-ರೇ ಆ ದಾರವನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಒಂದೆಳೆ ತುಂಡಾದರೆ ಕೋಶ ಹೇಗೋ ಹೊಲಿದುಕೊಳ್ಳುತ್ತದೆ. ಎರಡೂ ಎಳೆ ಒಂದೇ ಕಡೆ ತುಂಡಾದರೆ ಸರಿಪಡಿಸುವುದು ಬಹಳ ಕಷ್ಟ. ಕೋಶ ಅಂದೇ ಸಾಯಬೇಕೆಂದಿಲ್ಲ. ಮುಂದೆ ಎರಡಾಗಲು ಹೊರಟಾಗ ಕುಸಿದು ಬೀಳುತ್ತದೆ. ರೇಡಿಯೇಶನ್ನಿನ ಪರಿಣಾಮ ಕಾಣಿಸಲು ವಾರಗಟ್ಟಲೆ ಬೇಕಾಗುವುದು ಇದರಿಂದಲೇ. ‘ಐದು ದಿನ ಕೊಟ್ಟರೂ ನೋವು ಹೋಗಲಿಲ್ಲ’ ಎಂದು ಆರನೇ ದಿನವೇ ಕಂಗೆಡಬೇಕಾಗಿಲ್ಲ.

ಆರೋಗ್ಯವಂತ ಕೋಶಗಳಿಗೂ ಏಟು ಬೀಳುತ್ತದೆ. ಆದರೆ ಅವು ಸಾಮಾನ್ಯವಾಗಿ ಕ್ಯಾನ್ಸರ್ ಕೋಶಗಳಿಗಿಂತ ಚೆನ್ನಾಗಿ ಸುಧಾರಿಸಿಕೊಳ್ಳುತ್ತವೆ. ದಿನಕ್ಕಿಷ್ಟು ಎಂದು ಕಂತಿನಲ್ಲಿ ಕೊಡುವುದು ಅವಕ್ಕೆ ಉಸಿರಾಡಲು ಬಿಡುವು ಸಿಗಲೆಂದು.

ಈ ವಿದ್ಯೆಗೂ ಮುಂಬೈಗೂ ಇರುವ ನಂಟನ್ನು ಇಲ್ಲೇ ಹೇಳಿಬಿಡುತ್ತೇನೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾದದ್ದು 1941ರಲ್ಲಿ. 1962ರಿಂದ ಅದು ಆರೋಗ್ಯ ಇಲಾಖೆಯ ಕೆಳಗಿಲ್ಲ, ಕೇಂದ್ರದ ಅಣುಶಕ್ತಿ ಇಲಾಖೆಯ ಕೆಳಗಿದೆ. ಆಸ್ಪತ್ರೆಗೂ ಅಣುಶಕ್ತಿಗೂ ಏನು ಸಂಬಂಧ ಎಂದು ನಾನು ಚಿಕ್ಕವನಿದ್ದಾಗ ಬೆರಗಾಗಿದ್ದೆ. ಸಂಬಂಧ ಇದೇ ರೇಡಿಯೇಶನ್. ಕೋಬಾಲ್ಟ್ ಲೋಹ ಬಳಸಿ ರೇಡಿಯೇಶನ್ ಕೊಡುವ ‘ಭಾಭಾಟ್ರಾನ್’ ಎಂಬ ದೇಶೀ ಯಂತ್ರ ರೂಪುಗೊಂಡದ್ದೂ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ.

ವಿರಾರ್ ಲೋಕಲಿನ ನಡುವಿನಲ್ಲಿ ಸಿಕ್ಕಿಕೊಂಡವರು

ರೇಡಿಯೇಶನ್ನಿಗೆ ಒಂದು ದೊಡ್ಡ ಅಡಚಣೆಯಿದೆ. ಎರಡು ಚಿಕಿತ್ಸೆ ಜೋಡಿಸುವ ಯೋಚನೆಯ ಬೇರು ಅಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಸಂಜೆ ಆರೂವರೆಯ ವಿರಾರ್ ಲೋಕಲ್ ನೆನಪಿಸಿಕೊಳ್ಳಿ. ಬಾಗಿಲಲ್ಲಿ ನಿಂತವರಿಗೆ ಗಾಳಿ ಸಿಗುತ್ತದೆ. ಒಳಗೆ ನಡುವಿನಲ್ಲಿ ಸಿಕ್ಕಿಕೊಂಡವರಿಗೆ ಉಸಿರೇ ಸಾಲದು. ಬೇಗ ಬೇಗ ಬೆಳೆಯುವ ಗಡ್ಡೆಯ ಒಳಗೂ ಹೀಗೆಯೇ. ರಕ್ತನಾಳದ ಪಕ್ಕದಲ್ಲಿರುವ ಕೋಶಕ್ಕೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ. ನಾಳದಿಂದ ಒಂದು ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲು, ಅಂದರೆ ಎರಡು ಕೂದಲೆಳೆ ಪಕ್ಕಪಕ್ಕ ಇಟ್ಟಷ್ಟು ದೂರ ಹೋಗುವುದರೊಳಗೆ ಅದು ಖರ್ಚಾಗಿಬಿಡುತ್ತದೆ. ಅದರಾಚೆಗಿನ ಕೋಶಗಳು ಅರೆಜೀವದಲ್ಲಿ ಇರುತ್ತವೆ. ಸಾಯುವುದಿಲ್ಲ, ಸುಮ್ಮನೆ ಕಾಯುತ್ತವೆ.

ಉಸಿರು ಕಟ್ಟಿದ ಈ ಕೋಶಗಳನ್ನು ಕೊಲ್ಲುವುದು ಸುಲಭವಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಆಗುವುದು ತಿರುಗಾಮುರುಗಾ. ಆಮ್ಲಜನಕವಿರುವ ಕೋಶವನ್ನು ಕೊಲ್ಲಲು ಬೇಕಾದ ರೇಡಿಯೇಶನ್ನಿನ ಎರಡೂವರೆಯಿಂದ ಮೂರು ಪಟ್ಟು ಈ ಕೋಶಗಳಿಗೆ ಬೇಕು. 1950ರ ದಶಕದಲ್ಲಿ ಇಂಗ್ಲೆಂಡಿನ ಲೂಯಿ ಹೆರಾಲ್ಡ್ ಗ್ರೇ ಮತ್ತು ಅವರ ಜೊತೆಗಾರರು ಇದನ್ನು ವಿವರವಾಗಿ ತೋರಿಸಿಕೊಟ್ಟರು. ರೇಡಿಯೇಶನ್ನಿನ ಅಳತೆಗೆ ಇಟ್ಟದ್ದು ಇವರದೇ ಹೆಸರು.

ಕಾರಣ ತಿಳಿಯಲು ಮನೆಯ ಕಿಟಕಿಯ ಗ್ರಿಲ್ ನೋಡಿದರೆ ಸಾಕು. ಬಣ್ಣ ಕಿತ್ತ ಕಬ್ಬಿಣಕ್ಕೆ ಮುಂಬೈಯ ಸಮುದ್ರಗಾಳಿ ತಗುಲಿದರೆ ನಾಲ್ಕೇ ದಿನದಲ್ಲಿ ತುಕ್ಕು. ಆಮೇಲೆ ಅದನ್ನು ಮೊದಲಿನಂತೆ ಮಾಡಲಾಗದು. ಅದೇ ಗೀರು ಬಿದ್ದ ಕಬ್ಬಿಣವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಉಜ್ಜಿ ಸರಿಮಾಡಬಹುದು. ರೇಡಿಯೇಶನ್ ಡಿಎನ್‌ಎ ಮೇಲೆ ಗೀರು ಹಾಕುತ್ತದೆ, ಆಮ್ಲಜನಕ ಆ ಗೀರನ್ನು ತುಕ್ಕಿನಂತೆ ಖಾಯಂ ಮಾಡುತ್ತದೆ. ಆಮ್ಲಜನಕ ಇಲ್ಲದ ಕಡೆ ಕೋಶ ತನ್ನ ಗಾಯವನ್ನು ತಾನೇ ವಾಸಿ ಮಾಡಿಕೊಳ್ಳುತ್ತದೆ.

ಕಂತಿನಲ್ಲಿ ಕೊಟ್ಟಾಗ ಹೊರಗಿನವು ಸತ್ತು ಒಳಗಿನವಕ್ಕೆ ಮೆಲ್ಲಗೆ ಗಾಳಿ ಸಿಗುತ್ತದೆ, ಮುಂದಿನ ಕಂತಿಗೆ ಅವೂ ಬಗ್ಗುತ್ತವೆ. ಆದರೂ ದೊಡ್ಡ ಗಡ್ಡೆಗಳಲ್ಲಿ ನಡುಭಾಗ ರೇಡಿಯೇಶನ್ನಿಗೆ ಗಟ್ಟಿಯಾಗಿಯೇ ಉಳಿಯಬಹುದು.

ಕುಲ್ಫಿ ಮಟ್ಕೆಯಿಂದ ಆರ್ಗಾನ್ ಸೂಜಿಯವರೆಗೆ

ಮಟ್ಕಾ ಕುಲ್ಫಿಯವನು ಬರ್ಫಕ್ಕೆ ಉಪ್ಪು ಹಾಕುವುದನ್ನು ನೋಡಿದ್ದೀರಲ್ಲ? ಉಪ್ಪು ಬಿದ್ದರೆ ಬರ್ಫ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. 1840ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜೇಮ್ಸ್ ಆರ್ನಟ್ ಎಂಬ ವೈದ್ಯರು ಇದೇ ಮಿಶ್ರಣವನ್ನು ಸ್ತನದ ಮತ್ತು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹುಣ್ಣುಗಳ ಮೇಲೆ ಇಟ್ಟು ನೋಡಿದರು. ಮೈನಸ್ 20 ಡಿಗ್ರಿಯ ಆಸುಪಾಸಿನ ಆ ಚಳಿಗೆ ರೋಗ ವಾಸಿಯಾಗಲಿಲ್ಲ. ಆದರೆ ನೋವು ಇಳಿಯಿತು, ರಕ್ತ ಸೋರುವುದು ಕಡಿಮೆಯಾಯಿತು. ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಕ್ಯಾನ್ಸರಿನ ಮೇಲೆ ಚಳಿಯ ಪ್ರಯೋಗ ರೇಡಿಯೇಶನ್ನಿಗಿಂತ ಹೆಚ್ಚುಕಡಿಮೆ ಅರ್ಧ ಶತಮಾನ ಹಳೆಯದು.

1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಮೆದುಳು ಶಸ್ತ್ರವೈದ್ಯ ಇರ್ವಿಂಗ್ ಕೂಪರ್ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಹರಿಯುವ ಕೊಳವೆ ಬಳಕೆಗೆ ತಂದರು. ಈಗ ಹೆಚ್ಚಾಗಿ ಬಳಸುವುದು ಆರ್ಗಾನ್ ಅನಿಲ. ಭಾರೀ ಒತ್ತಡದಲ್ಲಿರುವ ಆರ್ಗಾನನ್ನು ಸೂಜಿಯೊಳಗಿನ ಸಣ್ಣ ತೂತಿನಿಂದ ಬಿಟ್ಟಾಗ ಅದು ಹಿಗ್ಗಿ ತಣ್ಣಗಾಗುತ್ತದೆ, ಸೂಜಿಯ ತುದಿ ಸುಮಾರು ಮೈನಸ್ 140 ಡಿಗ್ರಿಗೆ ಇಳಿಯುತ್ತದೆ. ಹೀಲಿಯಂ ಮಾತ್ರ ಇದೇ ತೂತಿನಿಂದ ಹೊರಬಂದರೆ ಬಿಸಿಯಾಗುತ್ತದೆ. ಹಾಗಾಗಿ ಕರಗಿಸಲು ಹೀಲಿಯಂ ಬಿಡುತ್ತಾರೆ. ಒಂದೇ ಸೂಜಿಯಲ್ಲಿ ಹೆಪ್ಪುಗಟ್ಟಿಸುವುದೂ ಆಯಿತು, ಕರಗಿಸುವುದೂ ಆಯಿತು. ನನಗಂತೂ ಈ ಉಪಾಯ ತುಂಬ ಹಿಡಿಸಿತು.

ಇದಕ್ಕೆ ವೈದ್ಯರು ಕ್ರಯೋಅಬ್ಲೇಶನ್ ಎನ್ನುತ್ತಾರೆ. ಸೂಜಿಯ ದಪ್ಪ ಒಂದೂವರೆಯಿಂದ ಎರಡೂವರೆ ಮಿಲಿಮೀಟರ್. ಸ್ಕ್ಯಾನ್ ನೋಡುತ್ತ ಅದನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ಗಡ್ಡೆ ದೊಡ್ಡದಿದ್ದರೆ ಎರಡು ಮೂರು ಸೂಜಿ ಬೇಕು. ಸುಮಾರು ಹತ್ತು ನಿಮಿಷ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹತ್ತು ನಿಮಿಷ ಹೆಪ್ಪುಗಟ್ಟಿಸುತ್ತಾರೆ.

ಎರಡು ಸಲ ಏಕೆ? ಸೊಪ್ಪನ್ನು ಫ್ರೀಜರಿನಲ್ಲಿಟ್ಟು ಹೊರತೆಗೆದವರಿಗೆ ಗೊತ್ತು, ಕರಗಿದ ಮೇಲೆ ಅದು ನೀರೊಡೆದು ಮುದ್ದೆಯಾಗುತ್ತದೆ. ಸೊಪ್ಪು ಹಾಳಾಗುವುದು ಹೆಪ್ಪುಗಟ್ಟುವಾಗಷ್ಟೇ ಅಲ್ಲ, ಕರಗುವಾಗಲೂ ಕೂಡ. ಮೊದಲು ಕೋಶದ ಹೊರಗಿನ ನೀರು ಬರ್ಫವಾಗಿ ಒಳಗಿನ ನೀರನ್ನು ಹೊರಗೆಳೆಯುತ್ತದೆ, ಕೋಶ ಒಣಗಿ ಸುಕ್ಕಾಗುತ್ತದೆ. ಚಳಿ ಇನ್ನೂ ಏರಿದಾಗ ಕೋಶದೊಳಗೇ ಹರಳುಗಳು ಹುಟ್ಟಿ ಪೊರೆಯನ್ನು ಹರಿಯುತ್ತವೆ. ಕರಗುವಾಗ ನೀರು ಒಳನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಇಷ್ಟರಲ್ಲಿ ಸಣ್ಣ ರಕ್ತನಾಳಗಳ ಒಳಗೋಡೆ ಹಾಳಾಗಿ ರಕ್ತ ಹೆಪ್ಪುಗಟ್ಟುತ್ತದೆ. ಬದುಕುಳಿದ ಕೋಶಗಳಿಗೂ ಅನ್ನನೀರು ನಿಲ್ಲುತ್ತದೆ.

ಸತ್ತ ಗಡ್ಡೆಯನ್ನು ಕತ್ತರಿಸಿ ತೆಗೆಯುವುದಿಲ್ಲ. ಮೈಯೇ ಅದನ್ನು ತಿಂಗಳುಗಳಲ್ಲಿ ಮೆಲ್ಲಗೆ ಕರಗಿಸಿಕೊಳ್ಳುತ್ತದೆ.

ಬರ್ಫದ ಉಂಡೆಯ ಅಂಚು

ಸೂಜಿಯ ಸುತ್ತ ಬರ್ಫದ ಉಂಡೆಯೊಂದು ಬೆಳೆಯುವುದು ಸ್ಕ್ಯಾನಿನಲ್ಲಿ ಕಾಣುತ್ತದೆ. ಇದು ಈ ಚಿಕಿತ್ಸೆಯ ದೊಡ್ಡ ಅನುಕೂಲ. ಆದರೆ ಕಣ್ಣಿಗೆ ಕಾಣುವ ಆ ಅಂಚು ಕೇವಲ ಸೊನ್ನೆ ಡಿಗ್ರಿ. ಕ್ಯಾನ್ಸರ್ ಕೋಶ ಖಚಿತವಾಗಿ ಸಾಯಲು ಮೈನಸ್ 20ರಿಂದ ಮೈನಸ್ 40 ಡಿಗ್ರಿ ಬೇಕು. ಉಂಡೆಯ ನಡುವೆ ಅಷ್ಟು ಚಳಿ ಇರುತ್ತದೆ, ಅಂಚಿನಲ್ಲಿ ಇರುವುದಿಲ್ಲ. ಅದಕ್ಕೇ ಗಡ್ಡೆಗಿಂತ ಅರ್ಧ, ಒಂದು ಸೆಂಟಿಮೀಟರ್ ಆಚೆಗೂ ಬರ್ಫ ಹಬ್ಬಿಸಲು ನೋಡುತ್ತಾರೆ. ಪಕ್ಕದಲ್ಲೇ ನರವೋ ಕರುಳೋ ಇದ್ದರೆ ಅಷ್ಟು ಹಬ್ಬಿಸುವ ಹಾಗಿಲ್ಲ. ದೊಡ್ಡ ರಕ್ತನಾಳ ಹಾದುಹೋಗಿದ್ದರೆ ಇನ್ನೊಂದು ತೊಂದರೆ: 37 ಡಿಗ್ರಿಯ ರಕ್ತ ಹರಿಯುತ್ತಲೇ ಇದ್ದು ಚಳಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಸಾಸೂನ್ ಡಾಕಿನಲ್ಲಿ ಬರ್ಫದ ಲಾದಿಯ ಮೇಲೆ ನಲ್ಲಿ ಬಿಟ್ಟರೆ ನೀರು ಬಿದ್ದಲ್ಲೇ ಗುಳಿ ಬೀಳುವುದಿಲ್ಲವೇ, ಹಾಗೆ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ರೇಡಿಯೇಶನ್ ಸೋಲುವುದು ಗಾಳಿಯಿಲ್ಲದ ನಡುಭಾಗದಲ್ಲಿ. ಚಳಿ ಗೆಲ್ಲುವುದು ಅಲ್ಲೇ, ಅದಕ್ಕೆ ಆಮ್ಲಜನಕದ ಹಂಗಿಲ್ಲ. ಚಳಿ ಸೋಲುವುದು ಅಂಚಿನಲ್ಲಿ, ರಕ್ತನಾಳದ ಮಗ್ಗುಲಲ್ಲಿ. ರಕ್ತ ಚೆನ್ನಾಗಿ ಹರಿಯುವ, ಆಮ್ಲಜನಕ ತುಂಬಿದ ಆ ಜಾಗದಲ್ಲೇ ರೇಡಿಯೇಶನ್ನಿನ ಕೈ ಮೇಲು. ಚಿಕ್ಕಮ್ಮನಿಗೆ ನಾನು ಹೇಳಿದ್ದೂ ಇದನ್ನೇ: ಹಲಸಿನಹಣ್ಣಿನ ಗೂಂಜನ್ನು ಒಬ್ಬರು ತೆಗೆದರೆ ಸಿಪ್ಪೆಯನ್ನು ಇನ್ನೊಬ್ಬರು ತೆಗೆದ ಹಾಗೆ.

ಕೆಲವು ಕ್ಯಾನ್ಸರುಗಳ ಕೋಶಗಳೇ ಸ್ವಭಾವತಃ ರೇಡಿಯೇಶನ್ನಿನ ಮಾಮೂಲಿ ಕಂತುಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಕಿಡ್ನಿಯ ಕ್ಯಾನ್ಸರ್ ಈ ಪಂಗಡದ್ದು. ಚಿಕ್ಕಪ್ಪನಿಗೆ ಬರೀ ರೇಡಿಯೇಶನ್ ಸಾಕೆನ್ನದೆ ಚಳಿಯನ್ನೂ ಸೇರಿಸಿದ್ದಕ್ಕೆ ಡಾಕ್ಟರು ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಯಾವುದು ಮೊದಲು?

ಎರಡನ್ನೂ ಒಂದೇ ಹೊತ್ತಿಗೆ ಕೊಡುವುದಿಲ್ಲ. ಚಳಿಯಲ್ಲಿರುವ ಕೋಶದೊಳಗೆ ಎಲ್ಲ ರಾಸಾಯನಿಕ ಕ್ರಿಯೆಗಳೂ ನಿಧಾನ. ತಣ್ಣಗಿದ್ದಾಗಲೇ ರೇಡಿಯೇಶನ್ ಬಿಟ್ಟರೆ ಅದರ ಪೆಟ್ಟು ಹಗುರಾಗುವ ಸಂಭವವಿದೆ. ಚಿಕ್ಕಮ್ಮನ ಗುಮಾನಿ ಪೂರ್ತಿ ತಪ್ಪಾಗಿರಲಿಲ್ಲ ಎಂದು ಇಲ್ಲಿ ಒಪ್ಪಬೇಕು.

ಮೂಳೆಯ ಗಡ್ಡೆಗೆ ಸಾಮಾನ್ಯವಾಗಿ ಚಳಿ ಮೊದಲು. ಅದು ಮುಖ್ಯ ಭಾಗವನ್ನು ಕೊಂದು ನೋವನ್ನು ಬೇಗ ಇಳಿಸುತ್ತದೆ. ಉಳಿದದ್ದನ್ನು ರೇಡಿಯೇಶನ್ ನೋಡಿಕೊಳ್ಳುತ್ತದೆ. ಹೆಪ್ಪುಗಟ್ಟಿದ ಜಾಗದಲ್ಲಿ ರಕ್ತನಾಳ ಮುಚ್ಚುವುದರಿಂದ ಅಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಊತವೂ ಇರುತ್ತದೆ. ಹಾಗಾಗಿ ಎರಡರ ನಡುವೆ ಎಷ್ಟು ದಿನ ಬಿಡಬೇಕೆಂಬುದು ಲೆಕ್ಕ ಹಾಕಿ ಮಾಡುವ ತೀರ್ಮಾನ. ‘ಎರಡು ವಾರ ಸುಮ್ಮನೆ ಕಾಯಿಸುತ್ತಾರೆ’ ಎಂದು ಬೇಸರಿಸುವವರಿಗೆ ಇದು ತಿಳಿದಿರಲಿ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ರಮ ತಿರುಗುತ್ತದೆ. ರೇಡಿಯೇಶನ್ ಆಗಿ ವರ್ಷಗಳ ಮೇಲೆ ಕ್ಯಾನ್ಸರ್ ಅದೇ ಗ್ರಂಥಿಯಲ್ಲಿ ಮತ್ತೆ ತಲೆಯೆತ್ತಿದರೆ, ಮೊದಲಿನಷ್ಟೇ ರೇಡಿಯೇಶನ್ ಮತ್ತೊಮ್ಮೆ ಕೊಡುವುದು ಸುಲಭವಲ್ಲ. ಆಗ ಆಯ್ದ ರೋಗಿಗಳಿಗೆ ಹೆಪ್ಪುಗಟ್ಟಿಸುವ ಚಿಕಿತ್ಸೆ ಮಾಡುತ್ತಾರೆ. ಆದರೆ ರೇಡಿಯೇಶನ್ ಕಂಡ ಮಾಂಸಖಂಡಕ್ಕೆ ವಾಸಿಯಾಗುವ ಕಸುವು ಕಡಿಮೆ. ಮೂತ್ರ ಹಿಡಿದುಕೊಳ್ಳಲಾಗದೆ ಹೋಗುವುದು, ಅಪರೂಪಕ್ಕೆ ಮಲನಾಳಕ್ಕೆ ತೂತಾಗುವುದು ಇಂಥ ಅಪಾಯಗಳನ್ನು ಡಾಕ್ಟರು ಮೊದಲೇ ವಿವರಿಸಬೇಕು, ನಾವೂ ನಾಚಿಕೆ ಬಿಟ್ಟು ಕೇಳಬೇಕು.

ಎಷ್ಟು ಫಲ ಸಿಕ್ಕಿದೆ?

ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವಿಗೆ ಈ ಜೋಡಿಯನ್ನು ಇಟಲಿಯ ವೈದ್ಯರು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 175 ರೋಗಿಗಳು, ಪ್ರತಿಯೊಬ್ಬರಿಗೂ ನೋಯುವ ಗಡ್ಡೆ ಒಂದೇ. ಬರೀ ರೇಡಿಯೇಶನ್ ಪಡೆದ 125 ಜನರಲ್ಲಿ ಪೂರ್ತಿ ನೋವು ಹೋದದ್ದು 14 ಮಂದಿಗೆ. ಬರೀ ಚಳಿ ಪಡೆದ 25ರಲ್ಲಿ 8 ಮಂದಿಗೆ. ಎರಡನ್ನೂ ಪಡೆದ 25ರಲ್ಲಿ 18 ಮಂದಿಗೆ.

ಇದನ್ನು ಓದಿ ನನಗೂ ತುಂಬ ಸಮಾಧಾನವಾಯಿತು. ಆದರೆ ಒಂದು ಮಾತು ನೆನಪಿಡಬೇಕು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಚೀಟಿ ಎತ್ತದಿದ್ದರೆ, ಸ್ವಲ್ಪ ಗಟ್ಟಿಮುಟ್ಟಾಗಿದ್ದವರೇ ಒಂದು ಗುಂಪಿಗೆ ಹೆಚ್ಚು ಸೇರಿಬಿಡಬಹುದು. ಸಂಶೋಧಕರು ಸಮಾನ ಸ್ಥಿತಿಯ ರೋಗಿಗಳನ್ನು ಜೋಡಿಸಿ ಹೋಲಿಸಲು ಪ್ರಯತ್ನಿಸಿದರೂ, 25 ಜನ ಎಂಬುದು ಚಿಕ್ಕ ಸಂಖ್ಯೆ. ಇನ್ನೊಂದು ಕಡೆ, ಮೂಳೆನೋವಿಗೆ ಬರೀ ರೇಡಿಯೇಶನ್ ಕೂಡ ಹಳೆಯ, ನಂಬಿಗಸ್ತ ಮದ್ದು. 8 ಗ್ರೇಯನ್ನು ಒಂದೇ ಸಲ ಕೊಟ್ಟರೂ ಹಲವು ಕಂತಿನಷ್ಟೇ ನೋವು ಇಳಿಯುತ್ತದೆ ಎಂದು ದೊಡ್ಡ ಪರೀಕ್ಷೆಗಳು ತೋರಿಸಿವೆ. ಹಾಗಾಗಿ ಎಲ್ಲರಿಗೂ ಜೋಡಿ ಚಿಕಿತ್ಸೆಯೇ ಬೇಕೆಂದಿಲ್ಲ.

ಸ್ತನದ ಕ್ಯಾನ್ಸರಿನಲ್ಲಿ ಅಮೆರಿಕದಲ್ಲೊಂದು ಪರೀಕ್ಷೆ ನಡೆದಿದೆ. 60 ದಾಟಿದ, ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಅಪಾಯ ಕಡಿಮೆಯಿರುವ ಗಡ್ಡೆಯ 194 ಮಹಿಳೆಯರಿಗೆ ಆಪರೇಶನ್ ಇಲ್ಲದೆ ಹೆಪ್ಪುಗಟ್ಟಿಸಿದರು. ಐದು ವರ್ಷದಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು ಶೇ 4.3ರಷ್ಟು. ಅವರಲ್ಲಿ ಅನೇಕರು ಹಾರ್ಮೋನ್ ಮಾತ್ರೆಯನ್ನೂ, ಕೆಲವರು ರೇಡಿಯೇಶನ್ನನ್ನೂ ಪಡೆದಿದ್ದರು. ಇದನ್ನು ಎಲ್ಲ ವಯಸ್ಸಿಗೂ ಎಲ್ಲ ಗಡ್ಡೆಗೂ ಹಚ್ಚುವಂತಿಲ್ಲ.

ಸಂಶೋಧಕರಿಗೆ ಇನ್ನೊಂದು ಆಸೆಯೂ ಇದೆ. ಬೇಯಿಸಿದ ಮೊಟ್ಟೆಯ ಹಾಗೆ, ಬಿಸಿಗೆ ಗಡ್ಡೆಯ ಪ್ರೋಟೀನುಗಳು ರೂಪ ಕೆಡುತ್ತವೆ. ಚಳಿಗೆ ಹಾಗೆ ಕೆಡುವುದಿಲ್ಲ. ಬರ್ಫದಲ್ಲಿಟ್ಟ ಬಂಗುಡೆಯನ್ನು ನೋಡಿದ ಕೂಡಲೇ ಬಂಗುಡೆಯೆಂದು ಗುರುತಿಸಬಹುದು. ಸತ್ತ ಕೋಶಗಳ ಗುರುತು ಹಿಡಿದು ಮೈಯ ರಕ್ಷಣಾ ಪಡೆ ಬೇರೆಡೆಯ ಕ್ಯಾನ್ಸರನ್ನೂ ಹುಡುಕಿ ಹೊಡೆದೀತೇ ಎಂಬುದು ಆ ಆಸೆ. ರೇಡಿಯೇಶನ್ನಿನಿಂದಲೂ ಅಪರೂಪಕ್ಕೆ ಹೀಗಾದದ್ದಿದೆ. ಆದರೆ ಇದನ್ನು ನಂಬಿ ಚಿಕಿತ್ಸೆ ಮಾಡುವ ಹಂತ ಇನ್ನೂ ಬಂದಿಲ್ಲ.

ಯಾರಿಗೆ ಆಗದು, ಏನು ಕೇಳಬೇಕು

ಚಳಿಯೂ ರೇಡಿಯೇಶನ್ನೂ ಬಿದ್ದ ಜಾಗದಲ್ಲಷ್ಟೇ ಕೆಲಸ ಮಾಡುತ್ತವೆ. ಕ್ಯಾನ್ಸರ್ ಹತ್ತಾರು ಕಡೆ ಹಬ್ಬಿದ್ದರೆ ರಕ್ತದ ಮೂಲಕ ಮೈಯಿಡೀ ಹೋಗುವ ಔಷಧವೇ ಮುಖ್ಯವಾಗುತ್ತದೆ. ಬೆನ್ನುಹುರಿಗೆ ತಾಗಿದ ಗಡ್ಡೆಗೆ ಹೆಪ್ಪುಗಟ್ಟಿಸಲು ಹಿಂಜರಿಯುತ್ತಾರೆ. ತೀರ ದೊಡ್ಡ ಗಡ್ಡೆಗೂ ಹಾಗೆಯೇ. ಚರ್ಮ ಅಥವಾ ನರ ಹತ್ತಿರವಿದ್ದರೆ ನಡುವೆ ಉಪ್ಪುನೀರೋ ಅನಿಲವೋ ತುಂಬಿಸಿ ದೂರ ಸರಿಸುವ ಉಪಾಯವಿದೆ. ಭಾರ ಹೊರುವ ಮೂಳೆಯಾದರೆ ಆಮೇಲೆ ಮುರಿಯದಂತೆ ಮೂಳೆ ಸಿಮೆಂಟ್ ತುಂಬುವುದೂ ಉಂಟು.

ಈ ಸೌಲಭ್ಯ ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಸೂಜಿಗಳು ದುಬಾರಿ. ಹೆಪ್ಪುಗಟ್ಟಿಸುವವರು ಇಂಟರ್‌ವೆನ್ಷನಲ್ ರೇಡಿಯಾಲಜಿ, ಅಂದರೆ ಸ್ಕ್ಯಾನ್ ನೋಡುತ್ತ ಸೂಜಿ ಹಾಕಿ ಚಿಕಿತ್ಸೆ ಮಾಡುವ ವಿಭಾಗದವರು, ರೇಡಿಯೇಶನ್ ಕೊಡುವ ವಿಭಾಗ ಬೇರೆ. ಇಬ್ಬರೂ ಒಟ್ಟಿಗೆ ಕೂತು ಮಾತಾಡಿದ್ದಾರೆಯೇ ಎಂದು ಕೇಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಗುರಿ ರೋಗವನ್ನು ಅಳಿಸುವುದೋ ನೋವು ಇಳಿಸುವುದೋ, ಬರೀ ಒಂದೇ ಚಿಕಿತ್ಸೆ ಮಾಡಿದರೆ ಏನು ವ್ಯತ್ಯಾಸ, ಒಟ್ಟು ಖರ್ಚೆಷ್ಟು, ವಿಮೆ ಎಷ್ಟು ಕೊಡುತ್ತದೆ ಎಂಬುದನ್ನೂ ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂತಾಗ ಎಲ್ಲರಿಗೂ ಮರೆತುಹೋಗುತ್ತದೆ.

ವಾಟ್ಸಾಪಿನಲ್ಲಿ ‘ಐಸ್ ಇಟ್ಟರೆ ಗಡ್ಡೆ ಕರಗುತ್ತದೆ’ ಎಂಬ ಸಂದೇಶ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಮೇಲಿಟ್ಟ ಐಸಿನ ಚಳಿ ಒಳಗಿನ ಗಡ್ಡೆಯನ್ನು ಮೈನಸ್ 20ಕ್ಕೆ ಇಳಿಸಲಾರದು, ಚರ್ಮವನ್ನಷ್ಟೇ ಕೆಡಿಸುತ್ತದೆ. ರೇಡಿಯೇಶನ್ ಬಿದ್ದ ಚರ್ಮದ ಮೇಲಂತೂ ಐಸೂ ಬೇಡ, ಬಿಸಿನೀರಿನ ಚೀಲವೂ ಬೇಡ. ಆ ಚರ್ಮ ಮೊದಲೇ ಸೂಕ್ಷ್ಮವಾಗಿರುತ್ತದೆ. ಮಜ್ಜಿಗೆ, ಎಳನೀರು, ಬಿಸಿ ಗಂಜಿ ಇವುಗಳಿಂದ ಚಿಕಿತ್ಸೆ ಕೆಡುವುದಿಲ್ಲ. ಡಾಕ್ಟರು ಬೇರೆ ಕಾರಣಕ್ಕೆ ಬೇಡವೆಂದಿರದಿದ್ದರೆ ರುಚಿಸಿದ್ದನ್ನು ತಿನ್ನಲಿ.

ಚಿಕ್ಕಪ್ಪನಿಗೆ ಹೆಪ್ಪುಗಟ್ಟಿಸುವುದು ಮುಗಿದಿದೆ. ಮೊದಲ ಎರಡು ದಿನ ನೋವು ಏರಿ, ಆಮೇಲೆ ಇಳಿಯತೊಡಗಿದೆ. ರೇಡಿಯೇಶನ್ ಶುರುವಾದಾಗಲೂ ಕೆಲವರಿಗೆ ಹೀಗೆ ಒಂದೆರಡು ದಿನ ನೋವು ಹೆಚ್ಚಾಗುತ್ತದಂತೆ, ಅದಕ್ಕೆ ಮಾತ್ರೆ ಕೊಟ್ಟಿದ್ದಾರೆ. ಜ್ವರ ಬಂದರೆ, ಕಾಲು ಜೋಮು ಹಿಡಿದರೆ ಅಥವಾ ಬಲ ಕಳೆದುಕೊಂಡರೆ, ಹೆಜ್ಜೆ ಊರಿದಾಗ ಹಠಾತ್ತನೆ ಜೋರು ನೋವು ಬಂದರೆ ಬೆಳಗಾಗುವವರೆಗೆ ಕಾಯದೆ ಫೋನ್ ಮಾಡಿ ಎಂದಿದ್ದಾರೆ. ಆ ಮೂರನ್ನೂ ಚಿಕ್ಕಮ್ಮ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ.